ಆವಿಗುಹೆಯು ಅಗಲುವ ಎಡೆ
ನೀರಿನಲ್ಲಿ ಅತಿವೇಗವಾಗಿ ಸಾಗುವ ಗುಂಡಿನ ಸುತ್ತ ಒತ್ತಡವು ಕುಸಿದು ಆವಿಯ ಗುಹೆಯೊಂದು ಏರ್ಪಡುವುದುಂಟು. ಅದು ಗುಂಡನ್ನೆಲ್ಲ ಆವರಿಸಿದರೆ ಮೂಗೊಂದೇ ನೀರನ್ನು ಮುಟ್ಟುವುದರಿಂದ ಘರ್ಷಣೆಯು ಬಹುವಾಗಿ ತಗ್ಗುವುದು. ಹಡಗಿನ ಚಾಲಕಚಕ್ರಕ್ಕೆ ಬಾಧಕವಾದ ಇಂತಹ ಆವಿಗುಹೆಗಳನ್ನು ಅರಿಯಲೆಂದೇ ಚಾರ್ಲ್ಸ್ ಪಾರ್ಸನ್ಸರು 1895ರಲ್ಲಿ ಇಂಗ್ಲೆಂಡಿನಲ್ಲಿ ಪುಟ್ಟ ಜಲಸುರಂಗವನ್ನು ರಚಿಸಿದರು.

ಗುಂಡಿನ ಮೇಲಣ ಬಲವು ಗುಹೆಯು ಮೈಯಿಂದ ಅಗಲುವ ಎಡೆಯನ್ನು ಅವಲಂಬಿಸಿದೆ. ನೀರಿನ ಸ್ನಿಗ್ಧತೆಯನ್ನು ಎಣಿಕೆಗೆ ತಾರದ ಗಣಿತದಿಂದ ಆ ಎಡೆಯನ್ನು ನಿರ್ಣಯಿಸುವ ವಾಡಿಕೆಯಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ವಿಜಯ ಅರಕೇರಿಯವರು 1975ರ ಪ್ರಬಂಧದಲ್ಲಿ ಅದು ಸಾಲದೆಂದು ತೋರಿದರು: ನಯವಾದ ದುಂಡುಮೂಗಿನ ಮೇಲೆ ಮೈಗಂಟಿದ ನೀರಿನ ತೆಳುಪದರವು ಮೊದಲು ಬೇರ್ಪಡುವುದು, ಅದರ ಹಿಂದೆ ಗುಹೆಯು ತೊಡಗುವುದು. ಚೂಪಂಚಿನ ಬಿಲ್ಲೆಯ ಮೂಗಿನಲ್ಲಾದರೋ ಈ ಅನಿಶ್ಚಯವಿಲ್ಲ. ಅಗಲುವ ಎಡೆಯು ಅಂಚಿನಲ್ಲಿಯೇ ನಿಶ್ಚಿತವಾಗಿದೆ.