ಉದ್ಯಮಿಗಳ ದತ್ತಿ ಮತ್ತು ತಂತ್ರವಿದ್ಯೆಯ ಬಾಗಿಲು

ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ ನಾಟಕ, ಉಪನ್ಯಾಸಗಳಿಗೆಂದು ಹೋಗಿ ಬರುವ ಮುಂಬಯಿ ಕನ್ನಡಿಗರಿಗೆ ಅಲ್ಲಿಂದ ಹೆಚ್ಚು ದೂರವಿಲ್ಲದ ವಿ.ಜೆ.ಟಿ.ಐ. ಅಪರಿಚಿತವಲ್ಲ. ಅದು ಇಂದು ವೀರಮಾತಾ ಜೀಜಾಬಾಯಿ ತಂತ್ರಜ್ಞಾನ ಸಂಸ್ಥೆ. 1997ರವರೆಗೆ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆ. ಕಂಪನಿಗಳು ತಮ್ಮ ಲಾಭದ ಒಂದಂಶವನ್ನು ಬಡ ಮಕ್ಕಳ ತಾಂತ್ರಿಕ ಶಿಕ್ಷಣಕ್ಕೆ ಕೊಡುತ್ತಿವೆಯೆಂಬ ಸುದ್ದಿಯನ್ನು ನಾವು ಈಗ ದಿನಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಇದನ್ನು ನಮ್ಮ ಕಾಲದ ಹೊಸ ಬೆಳವಣಿಗೆಯೆಂದು ತಿಳಿಯುವವರೂ ಇದ್ದಾರೆ. ಆದರೆ ಈ ನಗರದಲ್ಲಿ ಉದ್ಯಮದ ಹಣ ತಂತ್ರವಿದ್ಯೆಗೆ ಹರಿಯತೊಡಗಿ ಒಂದೂಕಾಲು ಶತಮಾನಕ್ಕೂ ಮಿಕ್ಕಿ ಕಾಲ ಸಂದಿದೆ. ಆ ಹಣ ಯಾರನ್ನು ಮುಟ್ಟಿತು, ಯಾರನ್ನು ಮುಟ್ಟಲಿಲ್ಲ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ರಾಣಿ ವಿಕ್ಟೋರಿಯಾಳ ಆಳ್ವಿಕೆಯ ಸುವರ್ಣ ಮಹೋತ್ಸವದ ವರ್ಷವಾದ 1887ರಲ್ಲಿ ಈ ಸಂಸ್ಥೆ ಹುಟ್ಟಿತು. ಮೊದಲು ಇದ್ದುದು ಭಾಯಖಳಾದಲ್ಲಿ. ಮಾಟುಂಗಾಕ್ಕೆ ಬಂದುದು 1923ರಲ್ಲಿ. ಗಿರಣಿಗಳ ಒಡೆಯರಾಗಿದ್ದ ಸರ್ ದಿನ್‌ಶಾ ಪೆಟಿಟ್ ಇದರ ಮುಖ್ಯ ದಾನಿಗಳಲ್ಲೊಬ್ಬರು. ಗಿರಣಿಯ ಒಡೆಯರಿಗೆ ತಾಂತ್ರಿಕ ಶಾಲೆಯೊಂದು ಏಕೆ ಬೇಕಾಯಿತು? ಕಾವಸ್‌ಜಿ ದಾವರ್ 1854ರಲ್ಲಿ ಮುಂಬಯಿಯ ಮೊದಲ ಹತ್ತಿ ಗಿರಣಿಗೆ ಅಡಿಪಾಯ ಹಾಕಿದ ಮೇಲೆ ಯಂತ್ರಗಳೂ, ಅವುಗಳನ್ನು ನಡೆಸಬಲ್ಲ ಮೇಲ್ವಿಚಾರಕರೂ ಇಂಗ್ಲೆಂಡಿನಿಂದಲೇ ಬರಬೇಕಾಗಿತ್ತು. ಇಲ್ಲಿಯವರನ್ನೇ ತರಬೇತುಗೊಳಿಸಿದರೆ ಗಿರಣಿಗೂ ಉಳಿತಾಯ, ದೇಶಕ್ಕೂ ಲಾಭ. ಯಂತ್ರಶಾಸ್ತ್ರ ಮತ್ತು ಜವಳಿ ತಂತ್ರವೇ ಅಲ್ಲಿನ ಆರಂಭದ ಪಾಠಗಳಾದುದರಲ್ಲಿ ಆಶ್ಚರ್ಯವಿಲ್ಲ. ದಾನದಲ್ಲಿ ಸ್ವಾರ್ಥ ಬೆರೆತಿತ್ತೆಂದು ನಾವು ಅದನ್ನು ಹಳಿಯಬೇಕಾಗಿಲ್ಲ. ಸ್ವಾರ್ಥವೂ ಪರಾರ್ಥವೂ ಒಂದೇ ದಾರಿಯಲ್ಲಿ ನಡೆದದ್ದರಿಂದಲೇ ಸಂಸ್ಥೆ ಬಾಳಿತು.

ಆದರೆ ಅದೇ ಗಿರಣಿಗಳೊಳಗೆ ಬೇರೊಂದು ಬಾಗಿಲು ಮುಚ್ಚಿಯೇ ಇತ್ತು. ಹತ್ತಿ ಗಿರಣಿಯಲ್ಲಿ ಹೆಚ್ಚಿನ ಕೂಲಿ ದೊರೆಯುತ್ತಿದ್ದುದು ನೇಯ್ಗೆ ವಿಭಾಗದಲ್ಲಿ. ಅಲ್ಲಿ ಲಾಳಿಯ ಕಂಡಿಕೆ ಬದಲಿಸುವಾಗ ನೂಲಿನ ಎಳೆಯನ್ನು ಅದರ ಕಣ್ಣಿನ ಮೂಲಕ ಬಾಯಿಯಿಂದ ಹೀರಿ ತೆಗೆಯಬೇಕಾಗುತ್ತಿತ್ತು. ಒಬ್ಬರ ಬಾಯಿ ತಾಗಿದ ಲಾಳಿಯನ್ನು ಇನ್ನೊಬ್ಬರು ಮುಟ್ಟಬೇಕೆಂಬ ಕಾರಣವನ್ನು ಮುಂದೊಡ್ಡಿ ದಲಿತ ಕಾರ್ಮಿಕರನ್ನು ಆ ವಿಭಾಗದಿಂದ ಹೊರಗಿಡಲಾಗಿತ್ತು. 1928ರ ಗಿರಣಿ ಮುಷ್ಕರದ ಸಂದರ್ಭದಲ್ಲಿ ಡಾ. ಅಂಬೇಡ್ಕರ್ ಈ ಅನ್ಯಾಯವನ್ನು ಬಹಿರಂಗವಾಗಿ ಎತ್ತಿದರು. ನೇಯ್ಗೆಯ ವಿಜ್ಞಾನವನ್ನು ಕಲಿಸಲು ಉದ್ಯಮದ ಹಣದಿಂದ ಶಾಲೆ ನಡೆಯುತ್ತಿದ್ದ ನಗರದಲ್ಲಿಯೇ ಮಗ್ಗದ ಬಳಿ ನಿಲ್ಲುವ ಅವಕಾಶವಿಲ್ಲದ ಒಂದು ಸಮುದಾಯ ಇತ್ತು. ಶಾಲೆಯ ನಿಯಮಗಳಲ್ಲಿ ಯಾವ ಜಾತಿಯ ಹೆಸರೂ ಬೇಕಾಗಿರಲಿಲ್ಲ. ಆ ಸಮುದಾಯದ ಮಗು ಶಾಲೆಯ ಬಾಗಿಲಿಗೆ ಬರುವ ಮೊದಲೇ ದಾರಿ ಮುಗಿದಿರುತ್ತಿತ್ತು.

ಜಮ್‌ಶೆಟ್‌ಜಿ ಟಾಟಾ ಅವರ ಕಾರ್ಯವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಉನ್ನತ ಶಿಕ್ಷಣಕ್ಕಾಗಿ ಭಾರತೀಯರನ್ನು ವಿದೇಶಕ್ಕೆ ಕಳುಹಿಸುವ ಉದ್ದೇಶದಿಂದ ಅವರು 1892ರಲ್ಲಿ ಜೆ. ಎನ್. ಟಾಟಾ ದತ್ತಿನಿಧಿಯನ್ನು ಸ್ಥಾಪಿಸಿದರು. ಮೊದಲು ಪಾರಸಿಗಳಿಗಷ್ಟೇ ಮೀಸಲಾಗಿದ್ದ ಈ ನಿಧಿ ಎರಡೇ ವರ್ಷಗಳಲ್ಲಿ, 1894ರಲ್ಲಿ, ಎಲ್ಲ ಭಾರತೀಯರಿಗೂ ತೆರೆಯಿತು. ಇದರಿಂದ ದೊರೆಯುತ್ತಿದ್ದುದು ದಾನವಲ್ಲ, ಸಾಲ. ಓದಿ ಗಳಿಸತೊಡಗಿದವನು ಮರಳಿಸಿದ ಹಣ ಮುಂದಿನವನ ಓದಿಗೆ ಒದಗುತ್ತಿತ್ತು. ಟಾಟಾ ಅವರ ನಿಲುವು ಸ್ಪಷ್ಟವಾಗಿತ್ತು: ಅತ್ಯಂತ ದುರ್ಬಲರಿಗೆ ಊರೆಗೋಲು ಕೊಡುವುದಕ್ಕಿಂತ ಅತ್ಯಂತ ಪ್ರತಿಭಾವಂತರನ್ನು ಮೇಲೆತ್ತುವುದರಿಂದ ರಾಷ್ಟ್ರ ಮುಂದುವರಿಯುತ್ತದೆ ಎಂಬುದು ಅವರ ನಂಬಿಕೆ. ಅವರ ಕಾಲಕ್ಕೆ ಅದು ಅರ್ಥಪೂರ್ಣವೇ. ಆದರೆ ಪ್ರತಿಭೆ ಕಾಣಿಸಿಕೊಳ್ಳುವುದಕ್ಕೂ ಒಂದು ಶಾಲೆ, ಒಂದು ದೀಪ, ಒಂದಿಷ್ಟು ಬಿಡುವು ಬೇಕು. ಅವು ಯಾರಿಗೆ ಇಲ್ಲವೋ ಅವರ ಪ್ರತಿಭೆಯನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಆ ನಂಬಿಕೆ ಹಾಗೆಯೇ ಉಳಿಸಿತು.

ಟಾಟಾ ಅವರ ಇನ್ನೊಂದು ಕನಸು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ತಮ್ಮ ಆಸ್ತಿಯ ದೊಡ್ಡ ಭಾಗವನ್ನು ಅದಕ್ಕೆಂದು ತೆಗೆದಿಟ್ಟ ಅವರು 1904ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ಭೂಮಿಯನ್ನೂ ಧನಸಹಾಯವನ್ನೂ ನೀಡಿದ ಮೇಲೆ 1909ರಲ್ಲಿ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ಮುಂಬಯಿಯ ಉದ್ಯಮಿಯೊಬ್ಬರ ಸಂಪತ್ತು ಕನ್ನಡ ನೆಲದಲ್ಲಿ ಬೇರೂರಿದ ಈ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದರ ಮುಂದಿನ ಅಧ್ಯಾಯ ಹೆಮ್ಮೆಯದಲ್ಲ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವಿ ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಅಲ್ಲಿ ಪ್ರವೇಶ ಕೋರಿದಾಗ, ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಆಕೆ ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಿದರು. ಆಕೆಯ ತಂದೆಯೂ ಚಿಕ್ಕಪ್ಪನೂ ಅದೇ ಸಂಸ್ಥೆಯಲ್ಲಿ ಓದಿದವರು. ಆಕೆ ಪಟ್ಟು ಬಿಡದೆ ನಿಂತ ಮೇಲೆ ಒಂದು ವರ್ಷ ಪರೀಕ್ಷಾರ್ಥವೆಂಬಂತೆ, ಅವಮಾನಕರ ಷರತ್ತುಗಳೊಡನೆ, ಸೇರಿಸಿಕೊಳ್ಳಲಾಯಿತು. ಆಕೆಯ ಸಾಧನೆಯನ್ನು ಕಂಡ ಬಳಿಕ ರಾಮನ್ ಇತರ ಹೆಣ್ಣುಮಕ್ಕಳಿಗೂ ಪ್ರವೇಶ ಕೊಟ್ಟರು. 1939ರಲ್ಲಿ ಆಕೆ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ದಾನಿಯ ಔದಾರ್ಯ ಕಟ್ಟಡವನ್ನು ಎಬ್ಬಿಸಿತ್ತು. ಹೆಣ್ಣುಮಕ್ಕಳಿಗೆ ಅದರ ಬಾಗಿಲು ತೆರೆದದ್ದು ಇಪ್ಪತ್ತೆರಡು ವರ್ಷದ ತರುಣಿಯ ಹಟದಿಂದ.

1942ರ ಜುಲೈನಲ್ಲಿ ವೈಸರಾಯರ ಕಾರ್ಯಕಾರಿ ಮಂಡಲಿಯ ಕಾರ್ಮಿಕ ಸದಸ್ಯರಾದ ಡಾ. ಅಂಬೇಡ್ಕರ್, ಅದೇ ಅಕ್ಟೋಬರಿನಲ್ಲಿ ಪರಿಶಿಷ್ಟ ಜಾತಿಗಳ ಕುಂದುಕೊರತೆಗಳನ್ನು ವಿವರಿಸುವ ಮನವಿಯೊಂದನ್ನು ವೈಸರಾಯರಿಗೆ ಸಲ್ಲಿಸಿದರು. ಅದರಲ್ಲಿ ಶಿಕ್ಷಣದ ಕುರಿತು ಅವರು ಮಾಡಿದ ವಾದ ಇಂದಿಗೂ ಓದತಕ್ಕದ್ದು. ಪರಿಶಿಷ್ಟರ ಮಕ್ಕಳು ಕಲೆ, ಕಾನೂನುಗಳ ಕಡೆಗೆ ಹೋಗುತ್ತಿರುವುದು ಅಭಿರುಚಿಯಿಂದಲ್ಲ; ವಿಜ್ಞಾನ, ತಂತ್ರವಿದ್ಯೆಗಳ ವೆಚ್ಚ ಅವರ ಕೈಗೆಟುಕದು. ಆದರೆ ಅವರ ಬಾಳನ್ನು ನಿಜವಾಗಿ ಎತ್ತಬಲ್ಲದ್ದು ಅದೇ ವಿದ್ಯೆ. ಆದ್ದರಿಂದ ಭಾರತದಲ್ಲಿಯೂ ವಿದೇಶದಲ್ಲಿಯೂ ಆ ವಿಷಯಗಳನ್ನು ಓದುವುದಕ್ಕೆ ಸರ್ಕಾರವೇ ವಿದ್ಯಾರ್ಥಿವೇತನ ಕೊಡಬೇಕು, ಸರ್ಕಾರಿ ಮುದ್ರಣಾಲಯ ಹಾಗೂ ರೈಲ್ವೆಗಳಲ್ಲಿ ತಾಂತ್ರಿಕ ತರಬೇತಿಗೆ ಅವಕಾಶ ಕಲ್ಪಿಸಬೇಕು ಎಂದು ಅವರು ಕೇಳಿದರು. 1944ರ ಸುಮಾರಿಗೆ ಆರಂಭವಾದ ಮೆಟ್ರಿಕ್ಕೋತ್ತರ ವಿದ್ಯಾರ್ಥಿವೇತನಕ್ಕೆ ಇಂಥ ಒತ್ತಾಯಗಳೇ ಭೂಮಿಕೆ. ಟಾಟಾ ಅವರು ಪ್ರತಿಭೆಯಿಂದ ಹೊರಟರೆ ಅಂಬೇಡ್ಕರ್ ವೆಚ್ಚದಿಂದ ಹೊರಟರು. ಎರಡು ನಿಲುವುಗಳ ನಡುವಣ ಅಂತರ ಇಷ್ಟೇ, ಆದರೆ ಅದು ದೊಡ್ಡದು.

ಈ ವಾದದ ಸತ್ಯವನ್ನು ಮುಂಬಯಿ ಕನ್ನಡಿಗರ ಚರಿತ್ರೆಯೂ ಸಮರ್ಥಿಸುತ್ತದೆ. ದಕ್ಷಿಣ ಕನ್ನಡದ ಕರಾವಳಿಯಿಂದ ಹಡಗು ಹತ್ತಿ ಬಂದ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಉಚಿತ ರಾತ್ರಿಶಾಲೆ ನಡೆಸಿದುದು ದೊಡ್ಡ ಉದ್ಯಮಪತಿಗಳ ಬಲದಿಂದಲ್ಲ, ಸಮುದಾಯದವರ ವಂತಿಗೆಯಿಂದ. ಅಲ್ಲಿ ಮೆಟ್ರಿಕ್ ಮುಗಿಸಿದವರಲ್ಲಿ ಅನೇಕರು ಸಂಜೆಯ ಹಾಗೂ ಬೆಳಗಿನ ಕಾಲೇಜುಗಳಲ್ಲಿ ವಾಣಿಜ್ಯವನ್ನೋ ಕಾನೂನನ್ನೋ ಓದಿ ಬ್ಯಾಂಕು, ಕಚೇರಿ, ನ್ಯಾಯಾಲಯಗಳನ್ನು ಸೇರಿದರು. ಅವರ ಸಾಧನೆಗೆ ನಾವು ತಲೆಬಾಗುತ್ತೇವೆ. ಆದರೆ ಎಂಜಿನಿಯರ್ ಆಗಬಹುದಾಗಿದ್ದ ಹುಡುಗ ಗುಮಾಸ್ತನಾದುದಕ್ಕೆ ಕಾರಣ ಅವನ ಬುದ್ಧಿಯಲ್ಲ, ಗಡಿಯಾರ. ಪುಸ್ತಕವನ್ನು ರಾತ್ರಿ ಒಂಬತ್ತಕ್ಕೂ ಬಿಚ್ಚಬಹುದು. ಪ್ರಯೋಗಶಾಲೆ, ಕಮ್ಮಟಗಳು ಹಗಲನ್ನು ಬೇಡುತ್ತವೆ. ಹಗಲು ದುಡಿದರೆ ಮಾತ್ರ ಊಟವೆಂಬ ಸ್ಥಿತಿಯಲ್ಲಿರುವವನಿಗೆ ಶುಲ್ಕ ಮಾಫಿಯಾದರೂ ತಂತ್ರವಿದ್ಯೆ ದುಬಾರಿಯೇ.

ಟಾಟಾ ಅವರ ಸಾಲ ಅಂಬೇಡ್ಕರರ ಪ್ರಶ್ನೆಯನ್ನು ಒಮ್ಮೆಯಾದರೂ ಸಂಧಿಸಿತು. ಕೇರಳದ ಉಳವೂರಿನ ಬಡ ದಲಿತ ಕುಟುಂಬದ ಕೆ. ಆರ್. ನಾರಾಯಣನ್ ಮೈಲುಗಟ್ಟಲೆ ನಡೆದು ಶಾಲೆಗೆ ಹೋದವರು. ಶುಲ್ಕ ಕಟ್ಟಲಾಗದೆ ತರಗತಿಯ ಹೊರಗೆ ನಿಂತು ಪಾಠ ಕೇಳಿದವರು. ತಿರುವಾಂಕೂರು ವಿಶ್ವವಿದ್ಯಾಲಯದಲ್ಲಿ ಮೊದಲ ಸ್ಥಾನ ಗಳಿಸಿದ ಅವರು 1945ರಲ್ಲಿ ಟಾಟಾ ವಿದ್ಯಾರ್ಥಿವೇತನದ ನೆರವಿನಿಂದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು, 1997ರಲ್ಲಿ ರಾಷ್ಟ್ರಪತಿಗಳಾದರು. ಅವರು ಓದಿದ್ದು ತಂತ್ರವಿದ್ಯೆಯಲ್ಲವಾದರೂ ಈ ಉದಾಹರಣೆ ಬೋಧಪ್ರದ. ದತ್ತಿಯ ಮಹತ್ವ ಇದರಲ್ಲಿದೆ. ಮಿತಿಯೂ ಇದರಲ್ಲಿಯೇ ಇದೆ. ನಿಧಿ ಅವರನ್ನು ಕಂಡದ್ದು ವಿಶ್ವವಿದ್ಯಾಲಯದ ಮೊದಲ ಸ್ಥಾನದಲ್ಲಿ. ತರಗತಿಯ ಹೊರಗೆ ಅವರಂತೆ ನಿಂತು, ಮೊದಲ ಸ್ಥಾನದವರೆಗೆ ತಲುಪಲಾಗದ ಮಕ್ಕಳು ಯಾವ ನಿಧಿಯ ಕಣ್ಣಿಗೂ ಬೀಳಲಿಲ್ಲ.

ಈ ಕೆಳಗಿನ ಮೆಟ್ಟಿಲನ್ನು ಗಮನಿಸಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಒಬ್ಬರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಮೇಲೆತ್ತಿದ ದುಡಿಮೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ತರುಣರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗಿಸಲು ಬಿಟ್ಟುಕೊಟ್ಟರು. ಅದಕ್ಕೆ ತಮ್ಮ ಹೆಸರು ಬೇಡವೆಂದರು. ಹಾಗೆ 1943ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ. ಕಾರ್ಖಾನೆಯ ದುಡಿಮೆಯ ಫಲ ಕಾರ್ಖಾನೆಗೆ ಬೇಕಾದ ಕುಶಲ ಕೈಗಳ ತರಬೇತಿಗೆ ಮರಳಿದ ಈ ನಿದರ್ಶನ ವಿದೇಶ ವ್ಯಾಸಂಗದ ವೈಭವವಿಲ್ಲದ್ದು. ಆದರೆ ಡಿಪ್ಲೊಮಾ ಹಿಡಿದು ಮನೆಗೆ ಮೊದಲ ಸಂಬಳ ತಂದ ಮಗನಿಗೆ ಆ ಮೆಟ್ಟಿಲೇ ಮಹಡಿ.

ಈಗಿನ ಕಾಲಕ್ಕೆ ಬರೋಣ. 2013ರ ಕಂಪನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಹಿಂದೆ ಔದಾರ್ಯವಾಗಿದ್ದುದನ್ನು ಕರ್ತವ್ಯವಾಗಿಸಿತು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕು. ಶಿಕ್ಷಣವೂ ಉದ್ಯೋಗ ಕೌಶಲವೂ ಆ ಪಟ್ಟಿಯಲ್ಲಿವೆ. ಕಂಪನಿ ತಾನಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯಿದೆ ಹೇಳುತ್ತದೆ. ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ: ಉದ್ಯಮಗಳು ನೆಲೆಸಿದ ಮುಂಬಯಿ, ಪುಣೆ, ಬೆಂಗಳೂರುಗಳ ಸುತ್ತ ಹಣ ಹೆಚ್ಚು ಹರಿಯುತ್ತದೆ, ಕಾರ್ಖಾನೆಯೇ ಇಲ್ಲದ, ಅದರಿಂದಲೇ ಹಿಂದುಳಿದ ತಾಲೂಕುಗಳು ಕಾಯುತ್ತವೆ. ಬಹುವರ್ಷದ ಯೋಜನೆಗೂ ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷಗಳ ಮಿತಿಯಿದೆ. ಎಂಜಿನಿಯರಿಂಗ್ ಪದವಿಗೇ ನಾಲ್ಕು ವರ್ಷ ಬೇಕು. ಅದಕ್ಕೆ ಅಡಿಪಾಯವಾದ ಗಣಿತ ಎಂಟನೆಯ ತರಗತಿಯಲ್ಲಿಯೇ ಗಟ್ಟಿಯಾಗಬೇಕು. ಲೆಕ್ಕಪತ್ರದ ವರ್ಷಕ್ಕೂ ಮಗು ಬೆಳೆಯುವ ವರ್ಷಕ್ಕೂ ಹೊಂದಾಣಿಕೆ ಸುಲಭವಲ್ಲ.

ಹಾಗೆಂದು ಏನೂ ಬದಲಾಗಿಲ್ಲವೆನ್ನುವುದು ಅನ್ಯಾಯ. ಇನ್ಫೋಸಿಸ್ ಫೌಂಡೇಶನ್ 2023ರಲ್ಲಿ ವಿಜ್ಞಾನ, ತಂತ್ರಜ್ಞಾನ ಓದುವ ಬಡ ಹೆಣ್ಣುಮಕ್ಕಳಿಗೆಂದೇ 100 ಕೋಟಿ ರೂಪಾಯಿಗೂ ಮಿಕ್ಕಿದ ವಿದ್ಯಾರ್ಥಿವೇತನ ಯೋಜನೆಯನ್ನು ಪ್ರಕಟಿಸಿತು. ಶುಲ್ಕವಷ್ಟೇ ಅಲ್ಲದೆ ಜೀವನವೆಚ್ಚವನ್ನೂ ಸೇರಿಸಿ ನಾಲ್ಕು ವರ್ಷಗಳವರೆಗೆ ವರ್ಷಕ್ಕೆ 1 ಲಕ್ಷ ರೂಪಾಯಿಯ ತನಕ ಅದು ಕೊಡುತ್ತದೆ. ಉದ್ಯಮದ ಗಳಿಕೆಯಿಂದಲೇ ಮೂಡಿದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಪದವಿ, ಡಿಪ್ಲೊಮಾ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ನೀಡುವಾಗ, ಹತ್ತನೆಯ ಹಾಗೂ ಹನ್ನೆರಡನೆಯ ತರಗತಿಗಳನ್ನು ಸರ್ಕಾರಿ ಶಾಲೆಯಲ್ಲಿ ಓದಿರಬೇಕೆಂಬ ನಿಯಮ ಇಟ್ಟಿದೆ. ಕಮಲಾ ಅವರನ್ನು ತಡೆದ ಷರತ್ತು ಹೊರಗಿಡುವುದಕ್ಕಾಗಿ ಇತ್ತು. ಈ ಷರತ್ತುಗಳು ಒಳಗೆ ತರುವುದಕ್ಕಾಗಿ ಇವೆ. ಜೀವನವೆಚ್ಚ ಎಂಬ ಒಂದು ಪದದಲ್ಲಿ ರಾತ್ರಿಶಾಲೆಯ ಹುಡುಗನಿಗೆ ಸಿಗದೆ ಹೋದ ಹಗಲು ಅಡಗಿದೆ.

ಕೊಟ್ಟ ಹಣದ ಮೊತ್ತಕ್ಕಿಂತ ಅದರ ಜೊತೆಗೆ ಬರೆದ ಷರತ್ತು ಹೆಚ್ಚು ನಿರ್ಣಾಯಕ ಎಂಬುದು ಈ ಚರಿತ್ರೆಯಿಂದ ನಮಗೆ ತಿಳಿಯುವ ಪಾಠ. ಕೋಟಿಗಳನ್ನು ಹಂಚುವ ಶಕ್ತಿ ಹೊರನಾಡ ಕನ್ನಡ ಸಂಘಗಳಿಗಿಲ್ಲ. ಆದರೆ ಷರತ್ತು ಬರೆಯುವ ಶಕ್ತಿ ನಮಗೂ ಇದೆ. ಪ್ರತಿವರ್ಷ ನಮ್ಮ ವೇದಿಕೆಗಳಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಹಾರ, ಶಾಲು, ಲಕೋಟೆ ಸಲ್ಲುತ್ತವೆ. ಅವರಲ್ಲಿ ಬಹುಮಂದಿಗೆ ಆ ಲಕೋಟೆಯ ಅಗತ್ಯವಿಲ್ಲ. ಅದೇ ಹಣವನ್ನು ಮನೆಯಲ್ಲಿ ಮೊದಲ ಬಾರಿಗೆ ಪಾಲಿಟೆಕ್ನಿಕ್ ಮೆಟ್ಟಿಲು ಹತ್ತುವ, ಉಪಾಹಾರಗೃಹದ ಅಡುಗೆಮನೆಯಲ್ಲೋ ಕಟ್ಟಡದ ಕೆಲಸದಲ್ಲೋ ದುಡಿಯುವವರ ಮಕ್ಕಳಿಗೆ ಕೊಡಬಹುದು; ಒಂದು ಸಂಜೆಯಲ್ಲಿ ಮುಗಿಸದೆ ಮೂರು ವರ್ಷ ಕೊಡಬಹುದು. ಉತ್ತರ ಕರ್ನಾಟಕದಿಂದ ಮುಂಬಯಿ, ಪುಣೆಗಳ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ನಮ್ಮ ಸಭಾಗೃಹಗಳ ಸಮೀಪದಲ್ಲಿಯೇ ಇವೆ. ಮುಂದಿನ ಅರ್ಜಿ ನಮೂನೆಯನ್ನು ಸಿದ್ಧಪಡಿಸುವಾಗ ಶೇಕಡಾವಾರು ಅಂಕ ಕೇಳುವ ಸಾಲಿನ ಮೇಲೆ, ತಂದೆತಾಯಿಯ ದುಡಿಮೆ ಏನು, ಓದಿದ ಶಾಲೆ ಯಾವುದು ಎಂಬ ಎರಡು ಸಾಲುಗಳನ್ನು ಸೇರಿಸೋಣ.