ಜೀರ್ಣೋದ್ಧಾರದಲ್ಲಿ ಗಾರೆ ಮತ್ತು ಸಿಮೆಂಟು

ಕನ್ನಡ ನಾಡಿನ ಜೈನ ಶಾಸನಗಳಲ್ಲಿ ದೇವರ ಅಷ್ಟವಿಧಾರ್ಚನೆ, ಋಷಿಯರ ಆಹಾರದಾನಗಳೊಡನೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೂ ಭೂಮಿಯನ್ನು ದತ್ತಿಯಾಗಿ ಬಿಟ್ಟ ಸಂಗತಿ ಮೇಲಿಂದ ಮೇಲೆ ಬರುತ್ತದೆ. ಕಟ್ಟಿದ ಬಸದಿ ಮುಂದೊಮ್ಮೆ ಬಿರಿಯುವುದು, ಸವೆಯುವುದು ಎಂಬುದನ್ನು ಅರಿತೇ ಪೂರ್ವಿಕರು ದುರಸ್ತಿಗೆ ಆದಾಯವನ್ನು ಮೀಸಲಿಟ್ಟಿದ್ದರು. ಆ ದುರಸ್ತಿಯನ್ನು ಯಾವ ವಸ್ತುವಿನಿಂದ ಮಾಡಬೇಕೆಂಬ ಪ್ರಶ್ನೆ ಮಾತ್ರ ಸಿಮೆಂಟು ಬಂದ ಮೇಲೆ ಹುಟ್ಟಿದ್ದು.

ಐಹೊಳೆಯ ಮೇಗುತಿ (ಕ್ರಿ.ಶ. 634), ಹಳೇಬೀಡಿನ ಪಾರ್ಶ್ವನಾಥ ಬಸದಿ (1133) ಮುಂತಾದವುಗಳ ಕಲ್ಲುಗಳು ತಮ್ಮ ಭಾರದಿಂದಲೂ ಜೋಡಣೆಯ ಚಾತುರ್ಯದಿಂದಲೂ ನಿಂತಿವೆ. ಇಟ್ಟಿಗೆಯ ಕಟ್ಟಡಕ್ಕೆ, ಗಿಲಾವಿಗೆ, ಮಾಳಿಗೆಯ ಗಚ್ಚಿಗೆ ಸುಣ್ಣದ ಗಾರೆಯೇ ಆಧಾರವಾಗಿತ್ತು. ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದರೆ ಅದು ತೇವದಲ್ಲಿಯೂ ಗಟ್ಟಿಗೊಳ್ಳುವ ಸುರ್ಕಿ ಗಾರೆಯಾಗುತ್ತದೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದೂ ಈ ಸುರ್ಕಿಯಿಂದಲೇ.

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬಾತನು ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದನು. ಭಾರತದಲ್ಲಿ 1904ರಲ್ಲಿ ಮದರಾಸಿನಲ್ಲಿ ಮೊದಲ ಪ್ರಯತ್ನ ನಡೆಯಿತು. 1914ರಲ್ಲಿ ಪೋರಬಂದರಿನಲ್ಲಿ ಉತ್ಪಾದನೆ ನೆಲೆಗೊಂಡಿತು. ಇಂದು ಅದರ ಬಗೆಗಳು ಹಲವು. ಸಾಧಾರಣ ಸಿಮೆಂಟಿನ 33, 43, 53 ಎಂಬ ಅಂಕೆಗಳು 28 ದಿನಗಳಲ್ಲಿ ಅದು ಪಡೆಯಬೇಕಾದ ಬಲವನ್ನು ಸೂಚಿಸುತ್ತವೆ. ಕಂಬ, ತೊಲೆ, ಚಾವಣಿಯ ಕಾಂಕ್ರೀಟಿಗೆ ಇದು ಬಳಕೆಯಾಗುತ್ತದೆ. ಹಾರುಬೂದಿ ಅಥವಾ ಸುಟ್ಟ ಜೇಡಿಯ ಪುಡಿ ಸೇರಿದ ಪೊಝೊಲಾನ ಸಿಮೆಂಟು ನಿಧಾನವಾಗಿ ಬಲಗೊಳ್ಳುತ್ತದೆ. ಅಡಿಪಾಯಕ್ಕೂ ಗಿಲಾವಿಗೂ ಅನುಕೂಲ. ಇದರ ತತ್ತ್ವ ಹಳೆಯ ಸುರ್ಕಿಯದೇ. ಕಬ್ಬಿಣದ ಕುಲುಮೆಯ ಕಿಟ್ಟದಿಂದಾದ ಸ್ಲ್ಯಾಗ್ ಸಿಮೆಂಟು ಕರಾವಳಿಯ ಉಪ್ಪುನೆಲಕ್ಕೆ ಯೋಗ್ಯ. ಬಿಳಿಯ ಸಿಮೆಂಟು ನೆಲಹಾಸಿಗೆ, ಅಮೃತಶಿಲೆಯ ಸಂದುಗಳಿಗೆ ಸಲ್ಲುತ್ತದೆ. ಸಾಧಾರಣ ಸಿಮೆಂಟಿನ ಕೆಲಸಕ್ಕೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿನದಕ್ಕೆ 10 ದಿನ ನೀರುಣಿಸಬೇಕು.

ಸಭಾಭವನ, ಯಾತ್ರಿನಿವಾಸಗಳಂಥ ಹೊಸ ಕಟ್ಟಡಗಳಿಗೆ ಸಿಮೆಂಟು ಉಪಕಾರಿಯೇ ಸರಿ. ಪ್ರಾಚೀನ ಗೋಡೆಗೆ ಅದನ್ನು ಮೆತ್ತಿದಾಗ ಮಾತ್ರ ಅನರ್ಥವಾಗುತ್ತದೆ. ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟು ತಡೆದು ನಿಲ್ಲಿಸುತ್ತದೆ. ತಡೆಯಲ್ಪಟ್ಟ ನೀರು ಪಕ್ಕದ ಕಲ್ಲಿನ ಮೂಲಕ ಹೊರಡುವಾಗ, ಸಿಮೆಂಟಿನಲ್ಲಿರುವ ಲವಣಗಳೂ ಅದರೊಡನೆ ಸಾಗಿ, ಕಲ್ಲಿನೊಳಗೆ ಹರಳುಗಟ್ಟಿ ಮೇಲ್ಮೈಯನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತವೆ. ಮೃದುವಾದ ಮರಳುಗಲ್ಲು, ಮುರಕಲ್ಲು, ಹಳೆಯ ಇಟ್ಟಿಗೆಗಳಿಗೆ ಈ ಹಾನಿ ಹೆಚ್ಚು.

ಗಾರೆಯು ಕಲ್ಲಿಗಿಂತ ಮೃದುವಾಗಿದ್ದು ಕಲ್ಲಿಗೆ ಮೊದಲು ತಾನು ಸವೆಯುತ್ತದೆ. ಸವೆದ ಗಾರೆಯನ್ನು ಮತ್ತೆ ತುಂಬಬಹುದು. ಉದುರಿದ ಕೆತ್ತನೆಯನ್ನಾಗಲಿ, ಅಳಿದ ಶಾಸನಾಕ್ಷರವನ್ನಾಗಲಿ ಮರಳಿ ತರಲಾಗದು. ಜೀರ್ಣೋದ್ಧಾರಕ್ಕೆಂದು ದತ್ತಿ ಬಿಟ್ಟ ಶಾಸನವೇ ಜೀರ್ಣೋದ್ಧಾರದ ಸಿಮೆಂಟಿನಡಿ ಹೂತುಹೋಗಬಾರದು. ಕೆಲಸಕ್ಕೆ ಕೈಹಾಕುವ ಮುನ್ನ ಹೊಸದಕ್ಕೆ ಯಾವುದು, ಹಳೆಯದಕ್ಕೆ ಯಾವುದು ಎಂದು ವಿವೇಚಿಸುವುದು ಶ್ರಾವಕ ಸಮಾಜದ ಕರ್ತವ್ಯ.