ಯಾರದ್ದೂ ಅಲ್ಲದ ಜಮೀನಿನ ಕಥೆ

ಗೋಮಾಳದ ಮಾತು ಬಂದಾಗಲೆಲ್ಲ "ಸರ್ಕಾರದ ಜಮೀನು ಅಂದ್ರೆ ಯಾರದ್ದೂ ಅಲ್ಲ ಬಿಡ್ರಿ" ಅಂತ ನಮ್ಮಲ್ಲಿ ಯಾರಾದ್ರೂ ಅಂದೇ ಅಂತಾರೆ. ಇದೇ ಮಾತು ಅಮೆರಿಕದ ಯೂಟಾ ರಾಜ್ಯದಲ್ಲಿ ಎಲ್ಲಿಗೆ ಹೋಗಿ ಮುಟ್ಟಿತು ಅಂತ ಇವತ್ತು ಬರೀತೀನಿ. ಸ್ವಲ್ಪ ಉದ್ದ ಇದೆ, ಡೇರಿಗೆ ಹಾಲು ಹಾಕಿ ಬಂದು ಓದಿ.

ಯೂಟಾದ ದಕ್ಷಿಣ ಭಾಗ ಕೆಂಪು ಕಲ್ಲಿನ ಮರುಭೂಮಿ. ಕೊಲರಾಡೋ ನದಿ, ಅದರ ಉಪನದಿಗಳು ಕೊರೆದ ಆಳ ಕಣಿವೆಗಳು. ಉಳುಮೆಗೆ ಆಗದ ನೆಲ, ಹಾಗಾಗಿ ಕೊಳ್ಳೋರು ಕಡಿಮೆ. ಇವತ್ತಿಗೂ ಆ ರಾಜ್ಯದ ಮೂರರಲ್ಲಿ ಸುಮಾರು ಎರಡು ಪಾಲು ಭೂಮಿ ಅಲ್ಲಿನ ಕೇಂದ್ರ ಸರ್ಕಾರದ್ದೇ. ಆದರೆ ಯಾರದ್ದೂ ಅಲ್ಲದ ನೆಲ ಆಗಿರಲಿಲ್ಲ ಅದು. ನವಾಹೋ, ಯೂಟ್, ಹೋಪಿ ಜನರಿಗೆ ಅದು ಹಿರಿಯರ ನೆಲ.

19ನೇ ಶತಮಾನದ ಕೊನೆಗೆ ಬಿಳಿಯರು ಕುರಿ, ದನಗಳ ದೊಡ್ಡ ಮಂದೆ ತಂದರು. ಮೊದಲು ಹೋದವನಿಗೆ ಹುಲ್ಲು. "ನಾನು ಬಿಟ್ಟರೆ ಇನ್ನೊಬ್ಬ ಮೇಯಿಸ್ತಾನೆ" ಅನ್ನೋದೇ ಕಾನೂನು. ಹುಲ್ಲು ಬುಡ ಸಮೇತ ಹೋಯ್ತು, ಮಣ್ಣು ಹಳ್ಳ ಸೇರಿತು. 1934ರ ಮೇ ತಿಂಗಳಲ್ಲಿ ನಡು ಬಯಲುಸೀಮೆಯ ಧೂಳು ರಾಜಧಾನಿ ವಾಷಿಂಗ್ಟನ್ನಿನವರೆಗೂ ಹಾರಿತು. ಜೂನ್ 28ಕ್ಕೆ ಟೇಲರ್ ಗ್ರೇಜಿಂಗ್ ಕಾಯ್ದೆಗೆ ಸಹಿ ಬಿತ್ತು.

ಯಾರು, ಎಷ್ಟು ತಲೆ, ಯಾವ ತಿಂಗಳು ಮೇಯಿಸಬೇಕು ಅನ್ನೋದಕ್ಕೆ ಪರ್ಮಿಟ್ ಬಂತು. ಒಂದು ಹಸು ಅಥವಾ ಐದು ಕುರಿ ಒಂದು ತಿಂಗಳು ಮೇದರೆ ಒಂದು ಲೆಕ್ಕ. ಹತ್ತಿರದಲ್ಲಿ ಸ್ವಂತ ಜಮೀನೋ ನೀರೋ ಇದ್ದವರಿಗೆ ಮೊದಲ ಪಾಳಿ. ಏನೂ ಇಲ್ಲದ ಅಲೆಮಾರಿ ಕುರಿಗಾರರು ಹೊರಗೆ ಬಿದ್ದರು. ಇದನ್ನ ಮಾತ್ರ ನಾವು ಮರೀಬಾರದು.

1946ರಲ್ಲಿ ಈ ಕೆಲಸ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಅನ್ನೋ ಹೊಸ ಇಲಾಖೆಗೆ ಹೋಯ್ತು. 1976ರ ಕಾನೂನು, ಈ ಭೂಮಿಯನ್ನ ಸಾಮಾನ್ಯವಾಗಿ ಮಾರದೆ ಸರ್ಕಾರವೇ ಇಟ್ಟುಕೊಳ್ಳಬೇಕು, ಮೇವು, ಗಣಿ, ವಿಹಾರ ಎಲ್ಲಕ್ಕೂ ಜಾಗ ಕೊಡಬೇಕು ಅಂತು.

ಅಷ್ಟರಲ್ಲಿ ಇನ್ನೊಂದು ಮಂದೆ ಬಂದಿತ್ತು: ಜೀಪು, ಬೈಕು, ಸೈಕಲ್ಲು, ಬೂಟು. ಅಲ್ಲಿ ಮಣ್ಣಿನ ಮೇಲೆ ಕಪ್ಪಗೆ, ಉಬ್ಬುಬ್ಬಾಗಿ ಒಂದು ಪದರ ಇರುತ್ತೆ. ಪಾಚಿಯಂಥ ಸೂಕ್ಷ್ಮಜೀವಿಗಳು ಮರಳನ್ನ ಹೆಣೆದು ಹಿಡಿದಿರ್ತವೆ, ಗಾಳಿಯ ಸಾರಜನಕವನ್ನೂ ಮಣ್ಣಿಗೆ ಸೇರಿಸ್ತವೆ. ಒಂದು ಹೆಜ್ಜೆಗೆ ಅದು ಪುಡಿ. ಮತ್ತೆ ಕೂಡೋಕೆ ಹತ್ತಾರು ವರ್ಷ. ಅದಕ್ಕೇ ದಾರಿ, ಬರಿ ಬಂಡೆ, ಒಣ ಹಳ್ಳ ಬಿಟ್ಟು ಕಾಲಿಡಬೇಡಿ ಅಂತಾರೆ.

ಹಾಗಾಗಿ ದನ ಎಣಿಸಿದಂತೆ ಜನರನ್ನೂ ಎಣಿಸಬೇಕಾಯ್ತು. ಯೂಟಾ ಗಡಿಗೆ ಅಂಟಿದ ಅರಿಜೋನಾದಲ್ಲಿ 'ವೇವ್' ಅನ್ನೋ ಬಂಡೆ ಇದೆ. ಅಲ್ಲಿಗೆ ದಿನಕ್ಕೆ 20 ಜನ, ಅದೂ ಲಾಟರಿ ಎತ್ತಿ. 2021ರಲ್ಲಿ ಅದನ್ನ 64 ಮಾಡಿದರು. ಯೂಟಾದ ಆರ್ಚಸ್ ಉದ್ಯಾನಕ್ಕೆ ಅದೇ ವರ್ಷ 18 ಲಕ್ಷ ಜನ ಬಂದರು. ಮರುವರ್ಷ ಗಂಟೆಗಿಷ್ಟು ಗಾಡಿ ಅಂತ ಮುಂಗಡ ಟಿಕೆಟ್ ತಂದರು.

ಎಣಿಸೋರು ಯಾರು ಅನ್ನೋದೇ ದೊಡ್ಡ ಜಗಳ. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಪಕ್ಕದ ಅರಿಜೋನಾದಲ್ಲಿ ನಿಂತು ಯೂಟಾದ 17 ಲಕ್ಷ ಎಕರೆಯನ್ನ ಸಂರಕ್ಷಿತ ಅಂತ ಘೋಷಿಸಿದರು. ಊರವರಿಗೆ ಸಿಟ್ಟು ಬಂತು. 2017ರಲ್ಲಿ ಟ್ರಂಪ್ ಅದನ್ನ ಸುಮಾರು ಅರ್ಧಕ್ಕೆ ಇಳಿಸಿದರು, 2021ರಲ್ಲಿ ಬೈಡನ್ ವಾಪಸ್ ಏರಿಸಿದರು. ಅಲ್ಲೇ ಹತ್ತಿರದ 'ಬೇರ್ಸ್ ಇಯರ್ಸ್'ನಲ್ಲಿ ಮಾತ್ರ ಬೇರೆ ದಾರಿ ಕಾಣುತ್ತೆ: 2022ರಲ್ಲಿ ಐದು ಬುಡಕಟ್ಟುಗಳ ಜೊತೆ ಸರ್ಕಾರ ಜಂಟಿ ಆಡಳಿತದ ಒಪ್ಪಂದಕ್ಕೆ ಸಹಿ ಹಾಕಿತು.

ನನಗೆ ಅನ್ಸೋದು ಇಷ್ಟೇ. ಎಣಿಸದ ಜಮೀನು ಉಳಿಯಲ್ಲ. ಬಳಸೋರನ್ನ ಹೊರಗಿಟ್ಟು ಎಣಿಸಿದರೆ ಜಗಳ ನಿಲ್ಲಲ್ಲ. ನಮ್ಮಲ್ಲೂ ನೂರು ದನಕ್ಕೆ 30 ಎಕರೆ ಗೋಮಾಳ ಅಂತ ನಿಯಮ ಇದೆ. ಮುಂದಿನ ಗ್ರಾಮಸಭೆಗೆ ಹೋಗೋ ಮೊದಲು ನಿಮ್ಮೂರ ದನ ಎಷ್ಟು, ಗೋಮಾಳ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕ್ಕೊಂಡು ಹೋಗಿ. ಹೋಗ್ತಾ ಜಮೀನಿಲ್ಲದ ಕುರಿಗಾರರನ್ನೂ ಕರ್ಕೊಂಡು ಹೋಗಿ.